ಎರಡು ಡಿಸ್ಕ್ ಇದೆ, ರೇಡ್ 1 ಸಾಕಾ, ರೇಡ್ 5 ಬೇಕಾ?

4 ಟಿಬಿಯ ಎರಡು ಹಾರ್ಡ್‌ಡಿಸ್ಕ್, ಉಬುಂಟು ಹಾಕಿದ ಹಳೇ ಡೆಸ್ಕ್‌ಟಾಪ್, ಮನೆಯ ಫೋಟೋ-ವಿಡಿಯೋ ಇಡಬೇಕು. ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯುವ ಹಾಗೆ ಹಲವು ಡಿಸ್ಕನ್ನು ಒಂದಾಗಿ ಕಟ್ಟುವುದೇ ಇಲ್ಲಿ ರೇಡ್. ಮೂರನೇ ಡಿಸ್ಕ್ ಕೊಂಡು ರೇಡ್ 5 (ಮೂರಕ್ಕೂ ಹಂಚಿಡುವುದು) ಮಾಡಲಾ, ಬಯೋಸ್‌ನಲ್ಲಿರುವ (ಮದರ್‌ಬೋರ್ಡಿನದ್ದೇ ಸೆಟ್ಟಿಂಗ್) ರೇಡ್ ಆನ್ ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಲಿನಕ್ಸಿನದ್ದೇ ರೇಡ್ ಸಾಧನ ಎಂಡಿಎಡಿಎಂ (mdadm) ಬಳಸಿ ರೇಡ್ 1 ಮಾಡಿ.

ರೇಡ್ 5ರಲ್ಲಿ 8 ಟಿಬಿ ಜಾಗ ಸಿಗುತ್ತದೆ, ನಿಜ. ಆದರೆ ಒಂದು ಡಿಸ್ಕ್ ಹೋದ ದಿನ ಉಳಿದೆರಡನ್ನೂ ಮೊದಲಿಂದ ಕೊನೆವರೆಗೆ ಓದಿಯೇ ಹೊಸದನ್ನು ತುಂಬಬೇಕು. ಹಳೇ ಡಿಸ್ಕ್‌ಗಳು ಮುಗ್ಗರಿಸುವುದೇ ಆಗ. ರೇಡ್ 1ರಲ್ಲಿ ಪ್ರತಿ ಡಿಸ್ಕೂ ಪೂರ್ತಿ ನಕಲು. ಒಂದನ್ನೇ ಬಿಚ್ಚಿ ಬೇರೆ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಓದಬಹುದು. ಬಯೋಸ್ ರೇಡ್‌ನಲ್ಲಿ ಮದರ್‌ಬೋರ್ಡ್ ಕೈಕೊಟ್ಟರೆ ಅದೇ ಜಾತಿಯ ಬೋರ್ಡ್ ಹುಡುಕಿಕೊಂಡು ಅಲೆಯಬೇಕಾದೀತು.

ರೇಡ್ ಕಟ್ಟುವುದು ಒಂದೇ ಸಾಲಿನ ಕಮಾಂಡ್, ಎರಡೂ ಡಿಸ್ಕ್ ಒಂದೇ ಥರ ಆಗುವ ಮೊದಲ ಸಿಂಕ್‌ಗೆ ಏಳೆಂಟು ಗಂಟೆ ಹಿಡಿಯಬಹುದು. ಡಿಸ್ಕಿನಲ್ಲಿ ಈಗಿರುವುದೆಲ್ಲ ಹೋಗುತ್ತದೆ, ನೆನಪಿರಲಿ. ಆಮೇಲೆ ಅರೇಯ (ಹೀಗೆ ಕಟ್ಟಿದ ಜೋಡಿಯ) ವಿವರವನ್ನು ಎಂಡಿಎಡಿಎಂನ ಕಾನ್ಫಿಗ್ ಫೈಲಿಗೆ ಸೇರಿಸಿ, ಬೂಟ್ ಆಗುವಾಗ ಮೊದಲು ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್ (initramfs) ಅಪ್‌ಡೇಟ್ ಮಾಡಿ; ಮರೆತರೆ ರೀಬೂಟ್ ಆದಮೇಲೆ ಅರೇಯ ಹೆಸರು ಎಂಡಿ0 ಹೋಗಿ ಎಂಡಿ127 ಅಂತ ಬಂದು ಕೂರಬಹುದು. ಬೂಟ್ ಆದಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅನ್ನುವ ಎಫ್‌ಎಸ್‌ಟ್ಯಾಬ್ (fstab) ಫೈಲಿನಲ್ಲಿ ಹೆಸರಿನ ಬದಲು ಬದಲಾಗದ ಗುರುತು ಸಂಖ್ಯೆ ಯುಯುಐಡಿ ಕೊಟ್ಟು, ಜೊತೆಗೆ ಅರೇ ಸಿಗದಿದ್ದರೂ ಬೂಟ್ ನಿಲ್ಲದ ಹಾಗೆ 'ನೋಫೇಲ್' (nofail) ಹಾಕಿ.

ನಾನು ಎಡವಿದ್ದು ಇದ್ಯಾವುದರಲ್ಲೂ ಅಲ್ಲ. ಒಂದು ಡಿಸ್ಕ್ ಸತ್ತು ಮೂರು ತಿಂಗಳಾಗಿತ್ತು, ನನಗೆ ಗೊತ್ತೇ ಇರಲಿಲ್ಲ! ಫೋಟೋ ತೆರೆಯುತ್ತಿತ್ತು, ಸಿನಿಮಾ ಓಡುತ್ತಿತ್ತು. ಒಂದು ದಿನ ಸುಮ್ಮನೆ ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ (/proc/mdstat) ಫೈಲ್ ನೋಡಿದೆ. ಸರಿಯಿರುವ ಡಿಸ್ಕಿಗೆ ಒಂದೊಂದರಂತೆ ಎರಡು 'ಯು' (U) ಅಕ್ಷರ ಪಕ್ಕಪಕ್ಕ ಇರಬೇಕಾದ ಕಡೆ ಒಂದು 'ಯು', ಒಂದು ಅಡಿಗೆರೆ. ಗಾಬರಿಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಎರಡೂ ಒಂದೇ ಕಂಪನಿ, ಒಂದೇ ಬಣ್ಣ. ಅಂದಾಜಿನ ಮೇಲೆ ಒಂದನ್ನು ಕಿತ್ತೆ. ಕಿತ್ತದ್ದು ಚೆನ್ನಾಗಿದ್ದದ್ದನ್ನೇ. ಪುಣ್ಯಕ್ಕೆ ಕರೆಂಟ್ ತೆಗೆದಿದ್ದೆ, ಮತ್ತೆ ಸಿಕ್ಕಿಸಿದಾಗ ಎಲ್ಲ ಇತ್ತು. ಈಗ ಎರಡರ ಮೇಲೂ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕೆ ದಪ್ಪ ಸ್ಕೆಚ್ ಪೆನ್ನಲ್ಲಿ ಬರೆದ ಚೀಟಿ ಇದೆ. ಏನಾದರೂ ಕೆಟ್ಟರೆ ಮೇಲ್ ಬರುವ ಹಾಗೆಯೂ ಮಾಡಿದ್ದೇನೆ. ಕಾನ್ಫಿಗ್‌ನಲ್ಲಿ ವಿಳಾಸ ಬರೆದರಷ್ಟೇ ಸಾಲದು, ಯಂತ್ರದಿಂದ ಮೇಲ್ ಹೊರಡುತ್ತದಾ ಅಂತ ಟೆಸ್ಟ್ ಮೇಲ್ ಕಳಿಸಿ ನೋಡಿ.

ಮೂರನೇ ಡಿಸ್ಕಿನ ದುಡ್ಡಿಗೆ ಯುಎಸ್‌ಬಿ ಡಿಸ್ಕ್ ಕೊಂಡು ಬ್ಯಾಕಪ್ ಇಡಿ. ಮಗು ಫೋಲ್ಡರ್ ಅಳಿಸಿದರೆ ರೇಡ್ ಎರಡೂ ಕಡೆ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಫೋಟೋ ತುಂಬುವ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಒಂದು ಡಿಸ್ಕನ್ನು ಬೇಕಂತಲೇ ಫೇಲ್ ಮಾಡಿ, ತೆಗೆದು, ಅದರ ಮೇಲಿನ ರೇಡ್ ಗುರುತು ಅಳಿಸಿ, ಹೊಸ ಡಿಸ್ಕೇ ಅನ್ನುವ ಹಾಗೆ ಮತ್ತೆ ಸೇರಿಸಿ. ಮಲಗಿ ಎದ್ದು ಬಂದು ನೋಡಿದರೆ ಎರಡು 'ಯು' ಮತ್ತೆ ಪಕ್ಕಪಕ್ಕ ಇರುತ್ತವೆ.