ಇಲ್ಲಿ ಕೊನೇ ದಿನಾಂಕ ಅಂದ್ರೆ ಹದಿನೈದು ದಿನ ಮೊದ್ಲು

ಬೆಂಗ್ಳೂರಿಂದ ಟ್ರಾನ್ಸ್‌ಫರ್ ಆಗಿ ಬರ್ತಿದೀವಿ, ಮಗಳನ್ನ ಇಲ್ಲೇ ಬಿ.ಎ. ಎಕನಾಮಿಕ್ಸ್‌ಗೆ ಸೇರಿಸ್ತೀವಿ, ಅರ್ಜಿ ಡೇಟುಗಳೆಲ್ಲ ಯಾವಾಗ ಬರುತ್ತೆ ಅಂತ ಕೇಳಿದ್ರಲ್ಲ, ಹೇಳ್ತೀನಿ. ನಮ್ಮೂರು ಹೊಸನಗರ ತಾಲೂಕಿನ ತುದಿ, ಹುಲಿಕಲ್ ಘಾಟಿ ಇಳಿದ್ರೆ ಉಡುಪಿ ಜಿಲ್ಲೆ, ಶಿವಮೊಗ್ಗಕ್ಕೆ ಹೋಗಿ ಒಂದು ಕೆಲಸ ಮುಗಿಸ್ಕೊಂಡು ಬರೋದಂದ್ರೆ ಇಡೀ ದಿನ ಹೋಯ್ತು ಅಂತ ಲೆಕ್ಕ. ನಾನೂ ಎಕನಾಮಿಕ್ಸೇ ಓದಿದ್ದು, ಈಗ ತೋಟ ನೋಡ್ಕೊಂಡಿದೀನಿ, ಊರ ಹುಡುಗ್ರಿಗೆ ಅರ್ಜಿ ತುಂಬಿಕೊಡೋದು ಸುಮಾರು ವರ್ಷದಿಂದ ನನ್ ಪಾಲಿಗೆ ಬಂದಿದೆ.

ಡೇಟು ಗೊತ್ತಾಗದೆ ತಪ್ಪಿಸ್ಕೊಳೋರು ಈಗ ಕಮ್ಮಿ ಮಾರಾಯ್ರೆ, ಮೊಬೈಲಿಗೆ ಎಲ್ಲಾ ಬರುತ್ತೆ. ಆದ್ರೆ ದೊಡ್ಡ ಡೇಟುಗಳೆಲ್ಲ ಒಂದೋ ಮಳೇಲಿ ಬರ್ತವೆ ಇಲ್ಲ ಅಡಿಕೆ ಕೊಯ್ಲಲ್ಲಿ ಬರ್ತವೆ, ಅದೇ ನಮಗೆ ಕಷ್ಟ. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡೋಕೆ ಜಾಮ್ ಪರೀಕ್ಷೆ ಇದ್ಯಲ್ಲ, 2021ರಿಂದ ಅದರಲ್ಲಿ ಎಕನಾಮಿಕ್ಸ್ ಪೇಪರೂ ಸೇರಿದೆ, ಅರ್ಜಿ ಸೆಪ್ಟೆಂಬರ್ ಮೊದಲ ವಾರಕ್ಕೆ ಶುರುವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಗಿಯುತ್ತೆ, ಪರೀಕ್ಷೆ ಫೆಬ್ರವರೀಲಿ. ಸೆಪ್ಟೆಂಬರ್ ಅಂದ್ರೆ ನಮ್ಮಲ್ಲಿ ಮಳೆ ಇನ್ನೂ ಬಿಟ್ಟಿರಲ್ಲ, ಲೈನ್ ಮೇಲೆ ಒಂದು ಮರ ಬಿದ್ರೆ ಎರಡು ಮೂರು ದಿನ ಕರೆಂಟಿಲ್ಲ, ಕರೆಂಟಿಲ್ಲ ಅಂದ್ರೆ ಟವರೂ ಇಲ್ಲ, ಗುಡ್ಡದ ಮೇಲೆ ಹತ್ತಿ ಫೋನ್ ಎತ್ತಿ ಹಿಡಿದು ಓಟಿಪಿ ಕಾಯೋದು ನೀವೂ ನೋಡ್ತೀರ. ಸೆಂಟ್ರಲ್ ಯೂನಿವರ್ಸಿಟಿಗಳ ಎಂ.ಎ.ಗೆ ಸಿಯುಇಟಿ ಪಿಜಿ ಅಂತ ಪ್ರವೇಶ ಪರೀಕ್ಷೆ, ಹೈದರಾಬಾದು, ನಮ್ಮ ಕಲಬುರಗಿ ಎಲ್ಲ ಇದರಲ್ಲೇ ಬರೋದು, ಅದರ ಅರ್ಜಿ ಡಿಸೆಂಬರ್ ಜನವರಿ ಆಸುಪಾಸು, ಪರೀಕ್ಷೆ ಮಾರ್ಚಲ್ಲಿ. ಡಿಸೆಂಬರ್ ಜನವರಿ ಅಂದ್ರೆ ಅಡಿಕೆ ಗೊನೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು, ಮನೇಲಿ ಯಾರಿಗೂ ಪುರುಸೊತ್ತಿಲ್ಲ.

ನಮ್ ಪಕ್ಕದ ಮನೆ ಹುಡುಗಿ ಒಬ್ಳು, ಬುದ್ಧಿವಂತೆ, ಫೈನಲ್ ಇಯರಲ್ಲಿದ್ಲು. ರಾತ್ರಿ ಹನ್ನೊಂದರ ತನಕ ಕತ್ತಿ ಮುಂದೆ ಕೂತು ಅಡಿಕೆ ಸುಲಿಯೋಳು. ಸ್ಕಾಲರ್‌ಶಿಪ್ ದುಡ್ಡು ಬಂದ್ರೆ ಪರೀಕ್ಷೆ ಫೀಸು ಕಟ್ಟೋಣ ಅಂತ ಕಾಯ್ತಿದ್ಲು, ನೋಡಿದ್ರೆ ಅಕೌಂಟಿಗೆ ಆಧಾರ್ ಲಿಂಕೇ ಆಗಿರ್ಲಿಲ್ಲ. ಲಿಂಕ್ ಮಾಡ್ಸೋಕೆ ಹೋದ್ರೆ ಮಷೀನು ಅವಳ ಹೆಬ್ಬೆಟ್ಟನ್ನೇ ತಗೋತಿಲ್ಲ, ಅಡಿಕೆ ಚೊಗರಿಗೆ ಬೆರಳ ತುದಿ ಕಪ್ಪಾಗಿ ಚರ್ಮ ಬಿರಿದು ಗೆರೆನೇ ಕಾಣ್ತಿರ್ಲಿಲ್ಲ. ನಿಂಬೆಹಣ್ಣು ಹಾಕಿ ಉಜ್ಜಿ ಮತ್ತೆ ಹೋದ್ಲು, ಆಗ್ಲೂ ಆಗ್ಲಿಲ್ಲ. ಎಲ್ಲ ಸರಿಯಾಗೋ ಹೊತ್ತಿಗೆ ಅರ್ಜಿ ಮುಗಿದಿತ್ತು, ಒಂದು ವರ್ಷ ಹೋಯ್ತು. ಆ ಫೀಸು ನಾನೇ ಕಟ್ಟಬೋದಿತ್ತು, ಅವಳು ಕೇಳ್ಲಿಲ್ಲ, ನಾನೂ ವಿಚಾರಿಸ್ಲಿಲ್ಲ, ಇವತ್ತಿಗೂ ಅದು ನಂಗೆ ಚುಚ್ಚುತ್ತೆ.

ಅದಕ್ಕೇ ಈಗ ನಾನು ಹುಡುಗ್ರಿಗೆ ಹೇಳೋದು, ಅವ್ರು ಹೇಳೋ ಕೊನೇ ದಿನಕ್ಕಿಂತ ಹದಿನೈದು ದಿನ ಮೊದ್ಲೇ ನಮ್ ಕೊನೇ ದಿನ ಅಂದ್ಕೊಳ್ಳಿ, ಕೊಯ್ಲು ಶುರುವಾಗೋಕೆ ಮೊದ್ಲೇ ಆಧಾರ್ ಲಿಂಕು, ಫೋಟೋ, ಸಹಿ ಸ್ಕ್ಯಾನು ಎಲ್ಲ ಮುಗಿಸಿಡಿ ಅಂತ. ಆದಾಯ ಸರ್ಟಿಫಿಕೇಟನ್ನ ನಾಡಕಚೇರೀಲಿ ಮೊದ್ಲೇ ಮಾಡಿಸಿ ಅದರ ಮೇಲಿರೋ ಆರ್‌ಡಿ ನಂಬರ್ ಬರೆದಿಟ್ಕೊಳ್ಳಿ, ರಾಜ್ಯದ ಎಸ್‌ಎಸ್‌ಪಿ ವೆಬ್‌ಸೈಟಲ್ಲಿ ಹಾಕೋ ಸ್ಕಾಲರ್‌ಶಿಪ್ಪಿಗೆ ಅದೇ ಕೇಳೋದು. ಸೆಂಟ್ರಲ್ ಪರೀಕ್ಷೆಗಳಿಗೆ ಒಬಿಸಿ ಸರ್ಟಿಫಿಕೇಟಿನ ನಮೂನೆ ಬೇರೆ, ರಾಜ್ಯದ್ದು ಅಲ್ಲಿ ನಡೆಯಲ್ಲ, ಇದು ಬಹಳ ಜನಕ್ಕೆ ಕೊನೇ ದಿನ ಗೊತ್ತಾಗುತ್ತೆ. ಕಾಲೇಜಿನ ಸೆಮಿಸ್ಟರ್ ಫೀಸು ಯುಯುಸಿಎಂಎಸ್ ಅನ್ನೋ ಯೂನಿವರ್ಸಿಟಿಗಳ ವೆಬ್‌ಸೈಟಲ್ಲಿ ಕಟ್ಟೋದು, ದಂಡ ಇಲ್ಲದ ಡೇಟು ಒಂದು, ದಂಡದ ಡೇಟು ಇನ್ನೊಂದು, ನೋಟಿಸ್ ಬೋರ್ಡ್ ನೋಡ್ತಿದ್ರೆ ಸಾಕು.

ಪರೀಕ್ಷೆ ಬಿಟ್ಟು ಬೇರೆ ದಿನಗಳೂ ಇದಾವೆ, ನಂಗೆ ಇವೇ ಹೆಚ್ಚು ಇಷ್ಟ. ಫೆಬ್ರವರಿ 1ಕ್ಕೆ ಕೇಂದ್ರದ ಬಜೆಟ್, ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದ್ರೆ ಬ್ಯಾಂಕುಗಳಿಗೆ ತಾನು ಸಾಲ ಕೊಡೋ ಬಡ್ಡಿ ದರ ಹೇಳೋದು, ಅಕ್ಟೋಬರಲ್ಲಿ ಎಕನಾಮಿಕ್ಸ್ ನೊಬೆಲ್. ನಿಮ್ ಮಗಳನ್ನ ಒಂದಿನ ಎಪಿಎಂಸಿ ಮಾರುಕಟ್ಟೆಗೂ ಕಳ್ಸಿ, ಅಡಿಕೆ ಟೆಂಡರ್ ನೋಡ್ಲಿ. ರಾಶಿ, ಬೆಟ್ಟೆ, ಹಸ, ಗೊರಬಲು ಅಂತ ಅಡಿಕೇಲಿ ಬೇರೆ ಬೇರೆ ತರ, ಒಂದೊಂದಕ್ಕೆ ಒಂದೊಂದು ರೇಟು, ಬೆಳಿಗ್ಗೆ ರೈತ ಚೀಲ ಬಿಚ್ಚಿ ನಿಂತ್ಕೊಂಡು ಕಾಯೋ ಮುಖ ನೋಡಿದ್ರೆ ಬೇಡಿಕೆ ಪೂರೈಕೆ ಪಾಠ ಮರೆಯಲ್ಲ. 2023ರ ಫೆಬ್ರವರೀಲಿ ಆಮದು ಅಡಿಕೆಯ ಕನಿಷ್ಠ ಬೆಲೆನ ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಇಲ್ಲಿ ಚಹಾ ಅಂಗಡೀಲೆಲ್ಲ ಅದೇ ಮಾತು, ಎಕನಾಮಿಕ್ಸ್ ಓದದವ್ರೂ ಸುಂಕದ ಲೆಕ್ಕ ಹಾಕ್ತಿದ್ರು. ಇಂಥದ್ದರ ಮೇಲೆ ಪ್ರಾಜೆಕ್ಟ್ ಬರೀಲಿ, ಶಂಕರಘಟ್ಟದಲ್ಲಿ ಕುವೆಂಪು ಯೂನಿವರ್ಸಿಟಿ ಲೈಬ್ರರಿ ಇದೆ, ಮಾಹಿತಿಗೆ ಬೆಂಗ್ಳೂರಿಗೇ ಓಡಬೇಕಾಗಿಲ್ಲ.

ಡಿಗ್ರಿ ಮುಗಿದು 180 ದಿನ ಕೆಲಸ ಸಿಗದಿದ್ರೆ ರಾಜ್ಯ ಸರ್ಕಾರದ ಯುವನಿಧಿ ತಿಂಗಳಿಗೆ 3000 ರೂಪಾಯಿ ಇದೆ, 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗದಲ್ಲೇ ಶುರುವಾದದ್ದು, ಆದ್ರೆ ಮುಂದೆ ಓದೋರಿಗೆ ಅದಿಲ್ಲ. ಪಕ್ಕದ ಸಾಗರ ಪೇಟೇಲಿ ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಫೆಬ್ರವರಿ ಹೊತ್ತಿಗೇ ಬೀಳುತ್ತೆ, ಜಾಮ್ ಬರೆಯೋ ವರ್ಷ ಅದೂ ಬಂದ್ರೆ ಬಸ್ ಸೀಟು ವಾರ ಮುಂಚೆ ಮಾಡ್ಸಿ. ಮಗಳು ಪಿಯುಸೀಲಿ ಗಣಿತ ತಗೊಂಡಿದಾಳಾ ಹೇಳಿ, ಇಲ್ಲಾಂದ್ರೆ ಮೊದಲ ವರ್ಷದಿಂದ್ಲೇ ಶುರುಮಾಡ್ಸಬೇಕು, ಜಾಮಲ್ಲಿ ಗಣಿತ ಸ್ಟಾಟಿಸ್ಟಿಕ್ಸ್ ಜೋರಾಗಿ ಇರುತ್ತೆ.