ಯುದ್ಧ ಮುಗಿದ ದೇಶದ ಸರ್ಕಾರಿ ನೌಕರರಿಗೆ ತರಗತಿಯ ತರಬೇತಿ ಸಾಕೇ, ಪಕ್ಕದಲ್ಲಿ ಕುಳಿತು ಕಲಿಸುವ ಮಾರ್ಗದರ್ಶಕರು ಬೇಕೇ?

ಮಾರ್ಗದರ್ಶಕರು ಬೇಕು, ಆದರೆ ಅವರು ಕಲಿಯುವವರ ಕೆಲಸವನ್ನು ತಾವೇ ಮಾಡಿಬಿಡಬಾರದು. ಹಾಸನ ಜಿಲ್ಲೆಯ ಕಂದಾಯ ಇಲಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ನಾನು ಅಂತಹ ದೇಶಗಳನ್ನು ಕಂಡವನಲ್ಲ, ಓದಿ ತಿಳಿದವನು. ಆದರೂ ಸಕಲೇಶಪುರದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ನನ್ನ ಟಿಪ್ಪಣಿಯನ್ನು ಎಂದೂ ತಿದ್ದಿ ಬರೆದುಕೊಡದೆ, ತಪ್ಪಿದ ಸಾಲಿನ ಪಕ್ಕ ಪೆನ್ಸಿಲ್ ಗೆರೆ ಎಳೆದು ಕಡತವನ್ನು ಹಿಂದಿರುಗಿಸುತ್ತಿದ್ದುದು ಈ ಪ್ರಶ್ನೆ ಓದಿದಾಗ ನೆನಪಾಯಿತು.

2011ರ ಜುಲೈ 9ರಂದು ಸ್ವತಂತ್ರವಾದ ದಕ್ಷಿಣ ಸುಡಾನ್‌ನಲ್ಲಿ ದಶಕಗಳ ಯುದ್ಧದಿಂದಾಗಿ ಆಡಳಿತದ ಅನುಭವವಿದ್ದವರೇ ವಿರಳರಾಗಿದ್ದರು. ಹೋರಾಟಗಾರರಾಗಿದ್ದ ಅನೇಕರು ನೇರವಾಗಿ ಕಚೇರಿಗಳಿಗೆ ಬಂದಿದ್ದರು. ಇಗಾಡ್ ಎಂಬ ಪ್ರಾದೇಶಿಕ ಒಕ್ಕೂಟದ ಮೂಲಕ ಇಥಿಯೋಪಿಯ, ಕೆನ್ಯಾ ಮತ್ತು ಉಗಾಂಡದ ಸುಮಾರು 200 ಅಧಿಕಾರಿಗಳನ್ನು ಅಲ್ಲಿಗೆ ಕಳುಹಿಸಿ, ಒಬ್ಬೊಬ್ಬರನ್ನೂ ಸ್ಥಳೀಯ ಅಧಿಕಾರಿಗಳ ಜೊತೆಗೆ ಕೂರಿಸಲಾಯಿತು. ಸಂಬಳವನ್ನು ಅವರವರ ಸರ್ಕಾರಗಳು ಕೊಡುತ್ತಿದ್ದವು. ಭತ್ಯೆಯ ಖರ್ಚಿಗೆ ನಾರ್ವೆ ನೆರವಾಗಿತ್ತು. ದೂರದ ದುಬಾರಿ ತಜ್ಞರಿಗಿಂತ ಈ ನೆರೆಯವರು ಹೊಂದಿಕೊಳ್ಳುವುದು ಸಹಜ: ದಕ್ಷಿಣ ಸುಡಾನ್‌ನ ಎಷ್ಟೋ ಜನ ಯುದ್ಧಕಾಲದಲ್ಲಿ ಕೆನ್ಯಾ, ಉಗಾಂಡಗಳಲ್ಲೇ ಆಶ್ರಯ ಪಡೆದು ಓದಿದವರು, ಕರೆಂಟು ಹೋದ ಕಚೇರಿಯಲ್ಲಿ ಕೆಲಸ ನಡೆಸುವುದು ಎರಡೂ ಕಡೆಯವರಿಗೆ ಹೊಸದಲ್ಲ.

ಪೂರ್ವ ತಿಮೋರ್‌ನ ಪರಿಸ್ಥಿತಿ ಬೇರೆ. ಇಂಡೊನೇಷ್ಯದ ಆಳ್ವಿಕೆಯಲ್ಲಿದ್ದ ಅಲ್ಲಿನ ಜನ 1999ರ ಜನಮತಗಣನೆಯಲ್ಲಿ ಸ್ವಾತಂತ್ರ್ಯದ ಪರ ನಿಂತ ನಂತರ, ಮೇಲಿನ ಹುದ್ದೆಗಳಲ್ಲಿದ್ದ ಇಂಡೊನೇಷ್ಯದವರು ಹೊರಟುಹೋದರು. 2002ರ ಮೇ 20ರವರೆಗೆ ವಿಶ್ವಸಂಸ್ಥೆಯೇ ಆಡಳಿತ ನಡೆಸಿತು. ಇಂಡೊನೇಷ್ಯನ್ ಭಾಷೆಯಲ್ಲಿ ಓದಿದ ಯುವ ನೌಕರರ ಮುಂದೆ ಪೋರ್ಚುಗೀಸ್ ಮತ್ತು ತೇತುಮ್ ಅಧಿಕೃತ ಭಾಷೆಗಳಾದವು, ಸಲಹೆಗಾರರಲ್ಲಿ ಹಲವರು ಇಂಗ್ಲಿಷಿನಲ್ಲಿ ಬರೆದರು. ಹೀಗಾದಾಗ ಗಡುವಿಗೆ ಅಂಜಿ ಸಲಹೆಗಾರರೇ ಕರಡು ಬರೆಯುತ್ತಾರೆ, ಸ್ಥಳೀಯರು ಸಹಿ ಹಾಕುತ್ತಾರೆ. (ನಮ್ಮ ಕಚೇರಿಗಳಲ್ಲೂ ಹೊಸ ಸಾಹೇಬರು ಹೀಗೆ ಸಹಿ ಹಾಕುವುದನ್ನು ಕಂಡಿದ್ದೇನೆ.)

ಇನ್ನೊಂದು ತೊಡಕು ಮಾರ್ಗದರ್ಶಕರ ಕೈಯಲ್ಲಿಲ್ಲದ್ದು. ಸರ್ಕಾರದ ಆದಾಯಕ್ಕೆ ಬಹುತೇಕ ತೈಲವನ್ನೇ ನಂಬಿದ್ದ ದಕ್ಷಿಣ ಸುಡಾನ್ 2012ರ ಜನವರಿಯಲ್ಲಿ ಸುಡಾನ್ ಜೊತೆಗಿನ ಜಗಳದಿಂದ ಉತ್ಪಾದನೆಯನ್ನೇ ನಿಲ್ಲಿಸಿತು. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಆರಂಭವಾಯಿತು. ಸಂಬಳವೇ ಕೈಸೇರದ ನೌಕರನು ಬೆಳಿಗ್ಗೆ ಕಚೇರಿಗೆ ಬರುವ ಬದಲು ಬೇರೆ ದುಡಿಮೆ ಹುಡುಕಿಕೊಂಡು ಹೋದರೆ, ಪಕ್ಕದ ಕುರ್ಚಿಯಲ್ಲಿ ಕುಳಿತವರು ಕಲಿಸುವುದಾದರೂ ಯಾರಿಗೆ?