ಅಡಾಪ್ಟರ್ ವಾಪಸ್ ಕಳಿಸುವ ಮೊದಲು ಲೆನ್ಸಿನ ಹಿಂಭಾಗ ನೋಡಿ

ನಿಮ್ಮ ಹೊಸ ನಿಕಾನ್ ಝಡ್50 ಕ್ಯಾಮೆರಾಗೆ, ಹಳೆಯ ಲೆನ್ಸ್ ಕೂರಿಸಲು ಬಳಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಅಪ್ಪನ 50 ಎಂಎಂ 1.8ಡಿ ಲೆನ್ಸ್ ಕೂರಿಸಿದರೆ ಫೋಕಸ್ ಅಲುಗಾಡುವುದೇ ಇಲ್ಲ, 18-140 ಜೂಮ್ ಲೆನ್ಸ್ ಒಮ್ಮೊಮ್ಮೆ ಕೈಕೊಡುತ್ತದೆ, ಅಡಾಪ್ಟರ್ ವಾಪಸ್ ಮಾಡಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಮಾರಾಯ್ರೆ. ಇವು ಎರಡು ಬೇರೆ ಬೇರೆ ತೊಂದರೆಗಳು.

50ರ ಒಳಗೆ ಮೋಟಾರೇ ಇಲ್ಲ. ಲೆನ್ಸ್ ಬಿಚ್ಚಿ ಹಿಂದಿನ ಲೋಹದ ಉಂಗುರ ನೋಡಿ, ಸ್ಕ್ರೂ ತಲೆಯ ಹಾಗೆ ಸೀಳಿರುವ ಚಿಕ್ಕ ತುಂಡು ಕಾಣುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಬಾಡಿಯ ಮೋಟಾರ್ ಅದನ್ನೇ ತಿರುಗಿಸಿ ಫೋಕಸ್ ಮಾಡುತ್ತಿತ್ತು. ಆ ಮೋಟಾರ್ ಝಡ್50ರಲ್ಲಿ ಇಲ್ಲ, ಎಫ್‌ಟಿಝಡ್‌ನಲ್ಲೂ ಇಲ್ಲ. ಹಳೆಯ ಎಫ್ ಮೌಂಟಿನಿಂದ, ಅಂದರೆ ಲೆನ್ಸ್ ಕೂರುವ ಉಂಗುರದಿಂದ, ಸೆನ್ಸರ್‌ಗೆ 46.5 ಮಿಮೀ ದೂರ, ಝಡ್‌ನಲ್ಲಿ 16 ಮಿಮೀ ಅಷ್ಟೇ. ನಡುವಿನ 30.5 ಮಿಮೀ ತುಂಬುವುದು ಅಡಾಪ್ಟರ್ ಕೆಲಸ. ಒಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣಮಟ್ಟದ ಬಗ್ಗೆ ಚಿಂತೆ ಬೇಡ. ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದ್ದರೆ ಆಟೋಫೋಕಸ್ ಬರುತ್ತದೆ. ಬರೀ ಎಎಫ್ ಅಂತ ಇದ್ದರೆ ಕೈಯಲ್ಲೇ ತಿರುಗಿಸಬೇಕು.

ಆದರೂ ಆ 50 ಮಾರಬೇಡಿ. ಅಪರ್ಚರ್ (ಬೆಳಕು ಬಿಡುವ ಕಿಂಡಿ) ಉಂಗುರವನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿ, ಆಮೇಲೆ ಅಪರ್ಚರನ್ನು ಕ್ಯಾಮೆರಾದಿಂದಲೇ ಬದಲಿಸಬಹುದು. ಮೆನುವಿನಲ್ಲಿ ಫೋಕಸ್ ಪೀಕಿಂಗ್ ಆನ್ ಮಾಡಿ, ಫೋಕಸ್ ಆದ ಅಂಚುಗಳು ಬಣ್ಣದಲ್ಲಿ ಹೊಳೆಯುತ್ತವೆ. ಅಪರ್ಚರ್ 1.8ರಲ್ಲಿ ಇದ್ದಾಗ ಪೀಕಿಂಗ್ ಒಂದನ್ನೇ ನಂಬಬೇಡಿ, ಕಣ್ಣಿನ ಭಾಗ ಜೂಮ್ ಮಾಡಿ ನೋಡಿ. ನಾನು ಯಕ್ಷಗಾನಕ್ಕೆ ಹೀಗೇ ತೆಗೆಯುತ್ತೇನೆ. ವೇಷ ಕುಣಿಯುವಾಗ ಹಿಂದೆ ಓಡಿದರೆ ಸಿಗುವುದಿಲ್ಲ. ಪಾತ್ರ ನಿಂತು ಅರ್ಥ ಹೇಳುವ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಕಾಯಬೇಕು. ಸೆನ್ಸರ್ ಚಿಕ್ಕದಾದ್ದರಿಂದ ಝಡ್50ರಲ್ಲಿ ಈ ಲೆನ್ಸ್ 75 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ಮುಖವರ್ಣಿಕೆ ತೆಗೆಯಲು ತುಂಬಾ ಚೆಂದ.

ಇನ್ನು 18-140. ಅದರಲ್ಲಿ ಮೋಟಾರ್ ಇದೆ, ಆಟೋಫೋಕಸ್ ಬರಲೇಬೇಕು. ನನಗೆ ಅನುಮಾನ ಇರುವುದು ಕಾಂಟ್ಯಾಕ್ಟ್ ಮೇಲೆ, ಅಂದರೆ ಲೆನ್ಸ್ ಮತ್ತು ಕ್ಯಾಮೆರಾ ನಡುವೆ ವಿದ್ಯುತ್ ಸಂಪರ್ಕ ಕೊಡುವ ಲೋಹದ ಚುಕ್ಕೆಗಳ ಮೇಲೆ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪೂ ಇದೆ, ತೇವವೂ ಇದೆ. ಮಲ್ಪೆಯಲ್ಲಿ ದೋಣಿಗಳ ಫೋಟೊ ತೆಗೆದು ಬಂದ ಮೇಲೆ ನನ್ನ ಲೆನ್ಸಿಗೂ ಹೀಗೇ ಆಗಿತ್ತು, ಒರೆಸಿದ ಮೇಲೆ ಸರಿಯಾಯಿತು. ಕ್ಯಾಮೆರಾ ಆಫ್ ಮಾಡಿ. ನೂಲು ಬಿಡದ ಬಟ್ಟೆಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಲೆನ್ಸಿನ ಕಾಂಟ್ಯಾಕ್ಟ್‌ಗಳನ್ನು ಮತ್ತು ಅಡಾಪ್ಟರ್‌ನ ಎರಡೂ ಬದಿಯ ಕಾಂಟ್ಯಾಕ್ಟ್‌ಗಳನ್ನು ಮೆಲ್ಲಗೆ ಒರೆಸಿ. ಬಾಡಿಯ ಪಿನ್‌ಗಳಿಗೆ ಒಣ ಬಟ್ಟೆ ಸಾಕು, ಸೆನ್ಸರ್ ಕಡೆ ಹೋಗಬೇಡಿ. ರಬ್ಬರ್‌ನಿಂದ ಉಜ್ಜಲೇಬೇಡಿ, ಪುಡಿ ಒಳಗೆ ಬೀಳುತ್ತದೆ. ಒಣಗಿದ ಮೇಲೆ ಕ್ಲಿಕ್ ಅನ್ನುವವರೆಗೂ ತಿರುಗಿಸಿ ಕೂರಿಸಿ, ಅರ್ಧಕ್ಕೆ ನಿಂತರೂ ಇದೇ ತೊಂದರೆ. ಕ್ಯಾಮೆರಾದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹಳೆಯದಿದ್ದರೆ ಅದನ್ನೂ ಅಪ್‌ಡೇಟ್ ಮಾಡಿ.

ಆಗಲೂ ಸರಿಯಾಗದಿದ್ದರೆ ಗೆಳೆಯರ ಯಾವುದಾದರೂ ಎಎಫ್-ಎಸ್ ಲೆನ್ಸನ್ನು ಇದೇ ಅಡಾಪ್ಟರ್‌ಗೆ ಹಾಕಿ ಒಂದು ಅರ್ಧ ಗಂಟೆ ತೆಗೆಯಿರಿ. ಅದು ಸರಿ ಇದ್ದರೆ ತೊಂದರೆ 18-140ರದ್ದು. ಅದೂ ಕೈಕೊಟ್ಟು, ಅಡಾಪ್ಟರ್ ಇಲ್ಲದೆ ಹಾಕುವ 16-50 ಝಡ್ ಲೆನ್ಸ್ ಸರಿ ನಡೆದರೆ ಮಾತ್ರ ಅಡಾಪ್ಟರ್ ವಾಪಸ್ ಮಾಡುವ ಮಾತು. ಒರೆಸುವ ಮೊದಲು ಕಾಂಟ್ಯಾಕ್ಟ್‌ಗಳ ಒಂದು ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.